ಜಿಎಸ್‌ಎಲ್ ಮ್ಯಾಟ್ರಿಕ್ಸ್: ಯಾರ ಮೆಮೊರಿ, ಯಾರು ಫ್ರೀ ಮಾಡಬೇಕು?

ಸಿ ಭಾಷೆಯಲ್ಲಿ ಲೆಕ್ಕದ ಕೆಲಸಕ್ಕೆ ನಾನು ಬಳಸುವುದು ಗ್ನೂ ಸೈಂಟಿಫಿಕ್ ಲೈಬ್ರರಿ, ಅಂದರೆ ಜಿಎಸ್‌ಎಲ್. ಅದರ ಮ್ಯಾಟ್ರಿಕ್ಸ್ ಸ್ಟ್ರಕ್ಟ್‌ನಲ್ಲಿ ಕೊನೆಗೆ ಓನರ್ ಅಂತ ಒಂದು ಫೀಲ್ಡ್ ಇದೆ: ಡೇಟಾ ಇರುವ ಮೆಮೊರಿ ಈ ಮ್ಯಾಟ್ರಿಕ್ಸ್‌ದೇ ಹೌದೋ ಅಲ್ಲವೋ ಅಂತ ಅದು ಹೇಳುತ್ತದೆ. ನನ್ನ ಇಡೀ ಕ್ರಮ ನಿಂತಿರುವುದು ಅದರ ಮೇಲೆ.

ಅಲಾಕ್ ಮಾಡಿದ (ಹೊಸದಾಗಿ ಮೆಮೊರಿ ಪಡೆದ) ಮ್ಯಾಟ್ರಿಕ್ಸ್‌ಗೆ ಓನರ್ 1. ಅದರದೇ ಒಂದು ತುಂಡನ್ನು ನೋಡುವ ಕಿಟಕಿಯಂಥ ಸಬ್‌ಮ್ಯಾಟ್ರಿಕ್ಸ್ ವ್ಯೂಗೆ 0. ಡಬಲ್‌ಗಳ 1000×1000 ಮ್ಯಾಟ್ರಿಕ್ಸ್ ಅಂದರೆ 80 ಲಕ್ಷ ಬೈಟ್. ಅದರಲ್ಲಿ (200, 300) ಸ್ಥಾನದಿಂದ 50×50ರ ತುಂಡು ತೆಗೆದರೆ ಒಂದು ಸಂಖ್ಯೆಯೂ ಕಾಪಿ ಆಗುವುದಿಲ್ಲ. ಡೇಟಾ ಪಾಯಿಂಟರ್ 2,00,300 ಸ್ಥಾನ ಮುಂದಕ್ಕೆ ಹೋಗುತ್ತದೆ. ಟಿಡಿಎ, ಅಂದರೆ ಮೆಮೊರಿಯಲ್ಲಿ ಒಂದು ಸಾಲಿಗೆ ಎಷ್ಟು ಸ್ಥಾನ ಅನ್ನುವ ಸಂಖ್ಯೆ, ಮಾತ್ರ 1000 ಆಗಿಯೇ ಉಳಿಯುತ್ತದೆ. ಹಾಗಾಗಿ ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆ ಅಂತ ವ್ಯೂಗೆ ಗೊತ್ತಿರುತ್ತದೆ. ಎಷ್ಟು ಅಚ್ಚುಕಟ್ಟು ಅಲ್ವಾ!

ಆದರೆ ಓನರ್ 0 ಇದೆಯಲ್ಲ ಅಂತ ವ್ಯೂವನ್ನು ಫ್ರೀಗೆ (ಮೆಮೊರಿ ಬಿಟ್ಟುಕೊಡುವ ಫಂಕ್ಷನ್‌ಗೆ) ಕೊಡಬಾರದು. ಫ್ರೀ ಫಂಕ್ಷನ್ ಓನರ್ ನೋಡುವುದು ಬ್ಲಾಕ್ (ಸಂಖ್ಯೆಗಳಿರುವ ಮೆಮೊರಿ) ಬಿಡುವಾಗ ಮಾತ್ರ. ಆಮೇಲೆ ಸ್ಟ್ರಕ್ಟನ್ನು ಏನೂ ಕೇಳದೆ ಬಿಟ್ಟುಬಿಡುತ್ತದೆ. ವ್ಯೂ ಇರುವುದೋ ಸಾಮಾನ್ಯವಾಗಿ ಸ್ಟ್ಯಾಕ್ ಮೇಲೆ, ಅಂದರೆ ಫ್ರೀ ಮಾಡಬಾರದ ಜಾಗದಲ್ಲಿ. ಅಲ್ಲಿಗೆ ಪ್ರೋಗ್ರಾಂ ಮುಗಿಯಿತು ಅಂತಲೇ ಲೆಕ್ಕ.

ಅದಕ್ಕೆ ನನ್ನ ಕೋಡ್‌ನಲ್ಲಿ ವ್ಯೂ ಹುಟ್ಟಿದ ಫಂಕ್ಷನ್‌ನಲ್ಲೇ ಮುಗಿಯುತ್ತದೆ. ಅದನ್ನು ರಿಟರ್ನ್ ಮಾಡುವುದಿಲ್ಲ, ಬೇರೆ ಸ್ಟ್ರಕ್ಟ್ ಒಳಗೆ ಇಟ್ಟುಕೊಳ್ಳುವುದೂ ಇಲ್ಲ. ಮುಂದಕ್ಕೂ ಬೇಕಾದರೆ ಹೊಸದಾಗಿ ಅಲಾಕ್ ಮಾಡಿ ಮೆಮ್‌ಕಾಪಿ ಮಾಡುತ್ತೇನೆ. ಆ 50×50 ತುಂಡು ಬರೀ 20,000 ಬೈಟ್. ಅಷ್ಟಕ್ಕೆಲ್ಲ ಜಿಪುಣತನ ಬೇಡ. ಎಲ್‌ಯು ಡಿಕಾಂಪೊಸಿಷನ್‌ಗಂತೂ (ಮ್ಯಾಟ್ರಿಕ್ಸನ್ನು ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳಾಗಿ ಒಡೆಯುವ ಲೆಕ್ಕ) ಕಾಪಿ ಬೇಕೇ ಬೇಕು. ಅದು ಕೊಟ್ಟ ಮ್ಯಾಟ್ರಿಕ್ಸ್ ಮೇಲೆಯೇ ಉತ್ತರ ಬರೆಯುತ್ತದೆ. ವ್ಯೂ ಕೊಟ್ಟರೆ ಮೂಲ ಮ್ಯಾಟ್ರಿಕ್ಸ್‌ನ ಆ ಭಾಗ ಅಳಿಸಿಹೋಗುತ್ತದೆ. ಸುಮ್ನೆ ಓದುವುದಷ್ಟೇ ಇದ್ದರೆ ಕಾನ್ಸ್ಟ್ ವ್ಯೂ ಸಾಕು, ಕೈತಪ್ಪಿ ಬರೆಯಹೋದರೆ ಕಂಪೈಲರ್ ಹೇಳುತ್ತದೆ.

ಬೇರೆ ಲೈಬ್ರರಿಯಿಂದ ಬಂದ ಬಫರ್ ಆದರೆ ಅದನ್ನೇ ಮ್ಯಾಟ್ರಿಕ್ಸ್ ಆಗಿ ತೋರಿಸುವ ವ್ಯೂ ಅರೇ ಬಳಸುತ್ತೇನೆ. ಬಫರ್ ಬಿಡುವ ಜವಾಬ್ದಾರಿ ತಂದವರದ್ದೇ. ಇದನ್ನು ಹೆಡರ್ ಫೈಲ್‌ನಲ್ಲಿ ಪ್ರತಿ ಫಂಕ್ಷನ್ ಮೇಲೆ ಒಂದೇ ಸಾಲಿನಲ್ಲಿ ಬರೆದಿಡುತ್ತೇನೆ: ಫ್ರೀ ಮಾಡುವುದು ಕರೆದವರೋ, ನಾವೋ.

ಟೆಸ್ಟ್‌ಗಳನ್ನು ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯ) ಹಾಕಿಯೇ ಓಡಿಸುತ್ತೇನೆ. ಮೂಲ ಮ್ಯಾಟ್ರಿಕ್ಸ್ ಫ್ರೀ ಆದ ಮೇಲೆ ವ್ಯೂ ಮುಟ್ಟಿದರೆ, ಎಲ್ಲಿ ಅಲಾಕ್ ಆಯಿತು, ಎಲ್ಲಿ ಫ್ರೀ ಆಯಿತು, ಯಾರು ಮುಟ್ಟಿದರು, ಮೂರನ್ನೂ ತೋರಿಸುತ್ತದೆ. ಇದಕ್ಕೆ ಜಿಎಸ್‌ಎಲ್ ಅನ್ನೂ ಅದೇ ಫ್ಲ್ಯಾಗ್ ಹಾಕಿ ಬಿಲ್ಡ್ ಮಾಡಬೇಕು. ಇಲ್ಲದಿದ್ದರೆ ಲೈಬ್ರರಿ ಒಳಗೆ ನಡೆಯುವ ಓದು ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗೆ ಬಿಲ್ಡ್ ಮಾಡಲು ಆಗದ ಕಡೆ ವ್ಯಾಲ್‌ಗ್ರೈಂಡ್ ಅನ್ನುವ ಇನ್ನೊಂದು ಮೆಮೊರಿ ತಪಾಸಣೆ ಟೂಲ್ ಹಾಕುತ್ತೇನೆ. ನಿಧಾನ ಜಾಸ್ತಿ, ಆದರೆ ಲೈಬ್ರರಿಯನ್ನು ಮತ್ತೆ ಬಿಲ್ಡ್ ಮಾಡದೆಯೂ ಹಿಡಿಯುತ್ತದೆ.