ಆದೇಶದ ಕೊನೆಯ ಸಾಲಿನಿಂದ ಸಂವಿಧಾನದ ಆರನೇ ಭಾಗಕ್ಕೆ

ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಗೆ ಓದಲು ಕುಳಿತಾಗ ನಾನು ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ನಾಲ್ಕು ವರ್ಷ ಕಳೆದಿದ್ದೆ. ಇತಿಹಾಸ, ಭೂಗೋಳ ಹಿಡಿತಕ್ಕೆ ಬಂದವು. ರಾಜ್ಯ ಸರ್ಕಾರದ ರಚನೆ ಎಂಬ ಪಾಠ ಮಾತ್ರ ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಸಂವಿಧಾನದ ವಿಧಿಗಳ ಸಂಖ್ಯೆಗಳನ್ನು 153 ರಾಜ್ಯಪಾಲರು, 163 ಮಂತ್ರಿಪರಿಷತ್ತು, 165 ಅಡ್ವೊಕೇಟ್ ಜನರಲ್, 213 ಸುಗ್ರೀವಾಜ್ಞೆ ಎಂದು ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸಿ ಬಾಯಿಪಾಠ ಮಾಡಿದೆ. ಮೊದಲ ಯತ್ನದಲ್ಲಿ ಪೂರ್ವಭಾವಿ ಪರೀಕ್ಷೆಯನ್ನೇ ದಾಟಲಿಲ್ಲ. ಹಗಲೆಲ್ಲ ಸರ್ಕಾರದ ಕಡತಗಳ ನಡುವೆ ಕುಳಿತಿರುವವಳಿಗೆ ಆ ಸರ್ಕಾರ ಹೇಗೆ ನಿಂತಿದೆ ಎಂಬುದೇ ತಿಳಿಯದಲ್ಲ ಎಂಬ ನೋವು ಅಂಕ ಹೋದ ನೋವಿಗಿಂತ ದೊಡ್ಡದಾಗಿತ್ತು.

ದಾರಿ ಕಂಡದ್ದು ಟಪ್ಪಾಲಿನಲ್ಲಿ ಬಂದ ಒಂದು ಸರ್ಕಾರಿ ಆದೇಶದಲ್ಲಿ. ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’, ಆಮೇಲೆ ವಿಷಯ, ಓದಲಾದ ಪತ್ರಗಳು, ಪ್ರಸ್ತಾವನೆ, ಆದೇಶ. ಎಲ್ಲದರ ಕೆಳಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು. ಅದರಡಿ ಒಬ್ಬ ಅಧೀನ ಕಾರ್ಯದರ್ಶಿಯ ಸಹಿ. ನಾಲ್ಕು ವರ್ಷಗಳಲ್ಲಿ ಅಂಥ ನೂರಾರು ಆದೇಶಗಳನ್ನು ಕಡತಕ್ಕೆ ಸೇರಿಸಿದ್ದೆ. ಅಂದು ಮಾತ್ರ ಶಿರಸ್ತೇದಾರರನ್ನು ಕೇಳಿದೆ: “ಸರ್, ಇದನ್ನು ರಾಜ್ಯಪಾಲರು ನೋಡಿಯೂ ಇರುವುದಿಲ್ಲ. ಅವರ ಹೆಸರು ಏಕೆ?”

“ನಾನು ಕೆಲಸಕ್ಕೆ ಸೇರಿದಾಗಿನಿಂದ ಹಾಗೆಯೇ ಇದೆಯಮ್ಮ. ಸಂವಿಧಾನದಲ್ಲೇ ಹೇಳಿದೆ ಅಂತಾರೆ. ನೀನು ಓದುತ್ತಿದ್ದೀಯಲ್ಲ, ಹುಡುಕಿ ನನಗೂ ಹೇಳು” ಎಂದರು.

ಅಂದು ರಾತ್ರಿ ಗೈಡನ್ನು ಬದಿಗಿಟ್ಟು ಸಂವಿಧಾನದ ಮೂಲ ಪಠ್ಯ ತೆರೆದೆ. ಉತ್ತರ 166ನೇ ವಿಧಿಯಲ್ಲಿತ್ತು. ರಾಜ್ಯ ಸರ್ಕಾರದ ಎಲ್ಲ ಕಾರ್ಯಾಂಗ ಕ್ರಮಗಳೂ ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕು. ಆ ಆದೇಶಗಳಿಗೆ ಯಾರು ಸಹಿ ಹಾಕಬೇಕು ಎಂಬುದನ್ನು ನಿಯಮ ಮಾಡಿ ಹೇಳಬೇಕು. ಸರ್ಕಾರದ ಕೆಲಸವನ್ನು ಮಂತ್ರಿಗಳ ನಡುವೆ ಹಂಚಲೂ ನಿಯಮ ಬೇಕು. ಕರ್ನಾಟಕದಲ್ಲಿ ಆ ನಿಯಮಗಳು 1977ರಲ್ಲಿ ಬಂದವು. ಯಾವ ಕಡತ ಸಚಿವರ ಹಂತದಲ್ಲೇ ತೀರ್ಮಾನವಾಗಬಹುದು, ಯಾವುದು ಸಂಪುಟದ ಮುಂದೆ ಹೋಗಲೇಬೇಕು ಎಂಬುದು ಅವುಗಳಲ್ಲಿದೆ. ಅಲ್ಲಿಂದ ಹಿಂದಕ್ಕೆ ಓದಿದೆ. 154ರಲ್ಲಿ ಕಾರ್ಯಾಂಗದ ಅಧಿಕಾರ ರಾಜ್ಯಪಾಲರಲ್ಲಿ ನಿಹಿತವಾಗಿದೆ. 163ರಲ್ಲಿ ಅವರಿಗೆ ನೆರವು, ಸಲಹೆ ನೀಡಲು ಮುಖ್ಯಮಂತ್ರಿಯ ನೇತೃತ್ವದ ಮಂತ್ರಿಪರಿಷತ್ತು. 164ರಲ್ಲಿ ಆ ಪರಿಷತ್ತು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ. ಗೋಡೆಯ ಮೇಲೆ ಬಿಡಿಬಿಡಿಯಾಗಿದ್ದ ಅಂಕಿಗಳು ಒಂದೇ ಕಾಗದದ ಹಿಂದೆ ಸಾಲಾಗಿ ಬಂದು ನಿಂತವು. ಮತದಾರ, ಶಾಸಕ, ಸಭೆ, ಸಂಪುಟ, ರಾಜ್ಯಪಾಲರ ಹೆಸರು, ಅಧೀನ ಕಾರ್ಯದರ್ಶಿಯ ಸಹಿ, ನನ್ನ ಟಪ್ಪಾಲು. ಅಂದಿನಿಂದ ಓದುವ ಕ್ರಮವನ್ನೇ ಬದಲಿಸಿದೆ. ಒಂದು ವಿಧಿ ಓದಿದರೆ ಅದಕ್ಕೆ ಸಂಬಂಧಿಸಿದ ಒಂದು ಕಾಗದವನ್ನೋ ಪತ್ರಿಕೆಯ ಸುದ್ದಿಯನ್ನೋ ಹುಡುಕುವ ತನಕ ಮುಂದಿನದಕ್ಕೆ ಹೋಗುವುದಿಲ್ಲ.

ರಾಜ್ಯ ಸರ್ಕಾರವನ್ನು ಕುರಿತ ಆರನೇ ಭಾಗ 152ರಿಂದ 237ರವರೆಗೆ ಇದೆ. ಕನ್ನಡ ಪಠ್ಯದ ಭಾಷೆ ಮೊದಮೊದಲು ಬಿಗಿಯೆನಿಸಿತು. ಕನ್ನಡ, ಇಂಗ್ಲಿಷ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ಎರಡೋ ಮೂರೋ ವಿಧಿ ಓದಿದೆ. ಬಜೆಟ್ ಎಂಬ ಪದಕ್ಕಾಗಿ 202ರಲ್ಲಿ ಹುಡುಕಿದರೆ ಅಲ್ಲಿರುವುದು ವಾರ್ಷಿಕ ಹಣಕಾಸು ವಿವರಪಟ್ಟಿ. ವರ್ಷದ ಮೊದಲ ಅಧಿವೇಶನದಲ್ಲಿ ರಾಜ್ಯಪಾಲರು ಭಾಷಣ ಮಾಡುತ್ತಾ ‘ನನ್ನ ಸರ್ಕಾರ’ ಎನ್ನುತ್ತಾರಲ್ಲ, ಆ ಭಾಷಣ 176ರದ್ದು. ಅದನ್ನು ಸಿದ್ಧಪಡಿಸುವುದು ಸಂಪುಟ.

ಲೆಕ್ಕ ಹಾಕುತ್ತಾ ಓದುವ ಅಭ್ಯಾಸ 171ನೇ ವಿಧಿಯಿಂದ ಬಂತು. ವಿಧಾನ ಪರಿಷತ್ತಿನ ಬಲ ವಿಧಾನಸಭೆಯ ಒಟ್ಟು ಸದಸ್ಯರ ಮೂರನೇ ಒಂದು ಭಾಗವನ್ನು ಮೀರಬಾರದು. ನಮ್ಮ ವಿಧಾನಸಭೆ 224, ಪರಿಷತ್ತು 75. ಮೂರರಿಂದ ಭಾಗಿಸಿದರೆ 74.66 ಬರುತ್ತದೆ. ಮೀರಿದೆಯಲ್ಲ! ಎರಡು ದಿನ ಅದೇ ಗುಂಗಿನಲ್ಲಿದ್ದೆ. ಆಮೇಲೆ ಹೊಳೆಯಿತು: ಚುನಾಯಿತರು 224, ಜೊತೆಗೆ ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬ ನಾಮಕರಣ ಸದಸ್ಯರು ಇರುತ್ತಿದ್ದರು. ಒಟ್ಟು 225, ಅದರ ಮೂರನೇ ಒಂದು ಭಾಗ ಸರಿಯಾಗಿ 75. ಆ ನಾಮಕರಣದ ಅವಕಾಶ 2020ರ ಜನವರಿಯಲ್ಲಿ ಜಾರಿಗೆ ಬಂದ 104ನೇ ತಿದ್ದುಪಡಿಯೊಂದಿಗೆ ಕೊನೆಗೊಂಡಿತು. ಪರಿಷತ್ತು ಮಾತ್ರ 75 ಆಗಿಯೇ ಇದೆ: ಸ್ಥಳೀಯ ಸಂಸ್ಥೆಗಳಿಂದ 25, ಶಾಸಕರಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ಈ ಐದು ಅಂಕಿಗಳನ್ನು ನಾನು ಮತ್ತೆಂದೂ ಮರೆಯಲಿಲ್ಲ. ಮಂತ್ರಿಗಳ ಸಂಖ್ಯೆಯದೂ ಹೀಗೆಯೇ. 2003ರ 91ನೇ ತಿದ್ದುಪಡಿ ವಿಧಾನಸಭೆಯ ಒಟ್ಟು ಸದಸ್ಯರ ಶೇಕಡಾ 15ರ ಮಿತಿ ಹಾಕಿತು; 224ಕ್ಕೆ ಅದು 33.6. ನಮ್ಮಲ್ಲಿ ರೂಢಿಯಲ್ಲಿರುವುದು ಮುಖ್ಯಮಂತ್ರಿ ಸೇರಿ 34.

ನನ್ನ ಓದಿನಲ್ಲಿ ಹೆಚ್ಚು ದಿನ ಹಿಡಿದದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣ. ಗೈಡುಗಳಲ್ಲಿ ಅದು ಒಂದು ಸಾಲು: 1994, ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿ. ನಮ್ಮದೇ ವಿಧಾನಸೌಧದಲ್ಲಿ ನಡೆದದ್ದು ಎಂಬ ಅರಿವೂ ಅದನ್ನು ಓದಿದವರಿಗೆ ಬರುವುದಿಲ್ಲ. 1989ರ ಏಪ್ರಿಲ್‌ನಲ್ಲಿ ಬೆಂಬಲ ಹಿಂತೆಗೆದುಕೊಳ್ಳುವ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಏಳು ಮಂದಿ ತಮ್ಮನ್ನು ತಪ್ಪು ತಿಳಿವಳಿಕೆಗೆ ಒಳಪಡಿಸಿ ಸಹಿ ಪಡೆಯಲಾಗಿತ್ತೆಂದು ಮತ್ತೆ ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ, ಅಧಿವೇಶನ ಕರೆಯಿರಿ ಎಂದು ಮುಖ್ಯಮಂತ್ರಿ ಬೊಮ್ಮಾಯಿ ಕೇಳಿದರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದು 1994ರ ಮಾರ್ಚ್ 11ರಂದು: ಬಹುಮತವನ್ನು ಅಳೆಯುವ ಜಾಗ ಸದನ, ರಾಜಭವನವಲ್ಲ, ರಾಷ್ಟ್ರಪತಿಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು.

ಇದನ್ನು 164ರ ಪಕ್ಕದಲ್ಲಿಟ್ಟು ಓದಿ ನೋಡಿ. ಮಂತ್ರಿಪರಿಷತ್ತು ವಿಧಾನಸಭೆಗೆ ಹೊಣೆ ಎಂದು ಸಂವಿಧಾನ ಹೇಳಿದ ಮೇಲೆ ಆ ಹೊಣೆಯನ್ನು ಕೇಳಬೇಕಾದವರು ವಿಧಾನಸಭೆಯವರೇ ತಾನೇ? ಅಷ್ಟು ಸರಳವಾದ ಮಾತನ್ನು ಹೇಳಿಸಿಕೊಳ್ಳಲು ಐದು ವರ್ಷ ಬೇಕಾಯಿತು. ಕಳೆದುಕೊಂಡ ಅಧಿಕಾರ ಬೊಮ್ಮಾಯಿಯವರಿಗೆ ಆ ತೀರ್ಪಿನಿಂದ ಮರಳಿ ಬರಲಿಲ್ಲ. ಆದರೆ ಇಂದು ಯಾವ ರಾಜ್ಯದಲ್ಲಿ ವಿಶ್ವಾಸಮತದ ಮಾತು ಎದ್ದರೂ ಅವರ ಹೆಸರು ಬರುತ್ತದೆ. ಕನ್ನಡಿಗ ವಿದ್ಯಾರ್ಥಿಗಳು ಈ ಪ್ರಕರಣವನ್ನು ಒಂದು ಸಾಲಿನಲ್ಲಿ ಮುಗಿಸಬಾರದು ಎಂಬುದು ನನ್ನ ಕಳಕಳಿ.

237 ಮುಗಿದ ಮೇಲೆ ಪುಟ ತಿರುಗಿಸಿದರೆ ಏಳನೇ ಭಾಗ, 238ನೇ ವಿಧಿ. ಅಲ್ಲಿ ರದ್ದಾಗಿದೆ ಎಂಬುದರ ಹೊರತು ಏನೂ ಇಲ್ಲ. ಆ ಖಾಲಿ ಜಾಗ ಒಂದು ಕಾಲಕ್ಕೆ ಮೈಸೂರಿನಂಥ ಹಿಂದಿನ ಸಂಸ್ಥಾನಗಳದಾಗಿತ್ತು. ಅಮೆರಿಕದ ಒಂದೊಂದು ರಾಜ್ಯಕ್ಕೂ ತನ್ನದೇ ಸಂವಿಧಾನ ಇರುವಂತೆ ಮೈಸೂರೂ ತನ್ನದನ್ನು ರಚಿಸಿಕೊಳ್ಳಲು ಹೊರಟಿತ್ತು. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕಂಡ ಸಂಸ್ಥಾನ ಅದು. ಸ್ವಾತಂತ್ರ್ಯದ ನಂತರ ಅಲ್ಲಿ ಸಂವಿಧಾನ ರಚನಾ ಸಭೆಯೂ ಸೇರಿತು. ಕೊನೆಗೆ ಭಾರತದ ಸಂವಿಧಾನವೇ ಸಾಕೆಂದು ತೀರ್ಮಾನವಾಗಿ 1949ರ ನವೆಂಬರ್‌ನಲ್ಲಿ ಮಹಾರಾಜರ ಘೋಷಣೆ ಹೊರಟಿತು. 1956ರವರೆಗೆ ಮೈಸೂರಿಗೆ ರಾಜ್ಯಪಾಲರಿರಲಿಲ್ಲ, ರಾಜಪ್ರಮುಖರಿದ್ದರು. ಏಳನೇ ತಿದ್ದುಪಡಿ ಆ ಭಾಗವನ್ನೇ ತೆಗೆದುಹಾಕಿದ ಮೇಲೆ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ರಾಜ್ಯಪಾಲರಾದರು.

ಆರನೇ ಭಾಗ ಓದಿ ಮುಗಿಸಿದೆ ಎಂದುಕೊಂಡರೆ ಕರ್ನಾಟಕ ಮುಗಿಯುವುದಿಲ್ಲ. ಕಲ್ಯಾಣ ಕರ್ನಾಟಕದ ವಿಶೇಷ ಸ್ಥಾನಮಾನ 371ಜೆ ಇರುವುದು 21ನೇ ಭಾಗದಲ್ಲಿ. ಪಂಚಾಯಿತಿಗಳು 9ನೇ ಭಾಗದಲ್ಲಿ, ಪಕ್ಷಾಂತರ ನಿಷೇಧ ಹತ್ತನೇ ಅನುಸೂಚಿಯಲ್ಲಿ. ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ‘ನಮ್ಮ ರಾಜ್ಯ’ ಎಂಬ ತಲೆಬರಹದಡಿ ಒಟ್ಟುಮಾಡಿದೆ. ಎರಡನೇ ಯತ್ನದಲ್ಲಿ ಪೂರ್ವಭಾವಿ ದಾಟಿದೆ.

ಆ ನೋಟ್‌ಬುಕ್ಕಿನ ಕೊನೆಯ ಪುಟ ನನ್ನ ಕಚೇರಿಯನ್ನು ಕುರಿತದ್ದು. ತಹಶೀಲ್ದಾರ್ ಎಂಬ ಪದವನ್ನು ಸಂವಿಧಾನದಲ್ಲಿ ಹುಡುಕಿದ್ದೆ, ಸಿಗಲಿಲ್ಲ. ಸಿಕ್ಕಿದ್ದು ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 45ನೇ ನಮೂದು: ಭೂಕಂದಾಯ, ಅದರ ವಸೂಲಿ, ಭೂದಾಖಲೆಗಳ ನಿರ್ವಹಣೆ, ಹಕ್ಕುದಾಖಲೆ. ಆ ನಮೂದಿನ ಬಲದಿಂದ ನಿಂತಿದೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮ, ಆ ಅಧಿನಿಯಮದಿಂದ ತಹಶೀಲ್ದಾರರ ಅಧಿಕಾರ. ಮರುದಿನ ಬೆಳಿಗ್ಗೆ ಶಿರಸ್ತೇದಾರರ ಮೇಜಿನ ಮೇಲೆ ಆ ಪುಟವನ್ನು ಬಿಡಿಸಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಆಮೇಲೆ ಕೈಯಲ್ಲಿದ್ದ ಒಂದು ಪಹಣಿಯ ಒಂಬತ್ತನೇ ಕಾಲಂ ಮೇಲೆ, ಭೂಮಾಲೀಕರ ಹೆಸರಿರುವ ಕಡೆ, ಬೆರಳಿಟ್ಟು ಕೇಳಿದರು: “ಹಾಗಾದರೆ ಹಕ್ಕುದಾಖಲೆ ಅಂದರೆ ಇದೇ ಏನಮ್ಮ?”

“ಇದೇ ಸರ್” ಎಂದೆ.