ಜೋಗಿಮಟ್ಟಿ ಕಾಡಂಚಿನಲ್ಲಿ ಮಾವಿನ ಸಸಿ ಉಳಿಸಿಕೊಂಡ ಬಗೆ: ನನ್ನ ಅನುಭವ

ಚಿತ್ರದುರ್ಗ ನಗರದ ದಕ್ಷಿಣಕ್ಕಿರುವ ಜೋಗಿಮಟ್ಟಿ ಕಾಡಿನ ಅಂಚಿಗೆ ನಮ್ಮ ಹೊಲವಿದೆ. ಹಿಂದೆ ಶೇಂಗಾ ಬೆಳೆಯುತ್ತಿದ್ದ ಈ ಕೆಂಪು ಮಣ್ಣಿನಲ್ಲಿ ಬಾದಾಮಿ ಮತ್ತು ಮಲ್ಲಿಕಾ ತಳಿಯ ಕಸಿ ಮಾವನ್ನು ನೆಟ್ಟು, ಜಿಂಕೆಗಳ ಬಾಯಿಗೆ ಸಿಗದಂತೆ ಬೆಳೆಸಿದ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಕಾಡಂಚಿನ ರೈತರು ಗಿಡ ನೆಡುವುದನ್ನೂ ಬೇಲಿ ಕಟ್ಟುವುದನ್ನೂ ಒಂದೇ ಕೆಲಸವೆಂದು ತಿಳಿಯಬೇಕು. ಬೆಳಿಗ್ಗೆ ನೆಟ್ಟ ಸಸಿಗೆ ಅಂದೇ ಸಂಜೆಯೊಳಗೆ ಬೇಲಿ ಆಗಿರಬೇಕು.

ಗುಂಡಿಗಳನ್ನು ಬೇಸಿಗೆಯಲ್ಲೇ ಮೂರು ಅಡಿ ಉದ್ದ, ಅಗಲ, ಆಳಕ್ಕೆ ತೆಗೆಸಿ ಬಿಸಿಲಿಗೆ ಬಿಟ್ಟೆವು. ಬೇರೆಯಾಗಿ ತೆಗೆದಿಟ್ಟಿದ್ದ ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಿ, ಒಂದೆರಡು ಹದವಾದ ಮಳೆ ಬಿದ್ದ ಮೇಲೆ 10 ಮೀಟರ್ ಅಂತರದಲ್ಲಿ ಸಸಿ ನೆಟ್ಟೆವು. ನಮ್ಮ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಮುಂಗಾರಿನ ಗಾಳಿ ಎಳೆ ಸಸಿಯನ್ನು ಬುಡಸಮೇತ ಅಲುಗಾಡಿಸುವುದರಿಂದ, ಗಾಳಿ ಬೀಸುವ ನೈಋತ್ಯ ದಿಕ್ಕಿಗೆ ಊರುಗೋಲು ನೆಟ್ಟು, ಹಳೆಯ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿದೆವು.

ಕಸಿ ಗಂಟು, ಅಂದರೆ ಕಾಡುಮಾವಿನ ಬೇರುಗಿಡಕ್ಕೆ ಒಳ್ಳೆಯ ತಳಿಯ ಕಡ್ಡಿಯನ್ನು ಕೂಡಿಸಿದ ಜಾಗ, ಮಣ್ಣಿನ ಮಟ್ಟಕ್ಕಿಂತ ಮೇಲಿರಬೇಕು ಎಂಬುದು ಎಲ್ಲರಿಗೂ ತಿಳಿದದ್ದೇ. ಜಿಂಕೆ ಬರುವ ಹೊಲದಲ್ಲಿ ಆ ಗಂಟಿಗೆ ಇನ್ನೂ ಹೆಚ್ಚಿನ ಮಹತ್ವವಿದೆ. ಗಂಟಿನ ಮೇಲಿನ ಭಾಗವನ್ನು ಜಿಂಕೆ ಪೂರ್ತಿ ಮೇದರೂ ಗಿಡ ಸಾಯುವುದಿಲ್ಲ. ಗಂಟಿನ ಕೆಳಗಿನಿಂದ ಹೊಸ ಚಿಗುರು ಸೊಂಪಾಗಿ ಬರುತ್ತದೆ. ನೋಡಿದವರು ಗಿಡ ಚೇತರಿಸಿಕೊಂಡಿತೆಂದು ಸಂತೋಷಪಡುತ್ತಾರೆ, ಆದರೆ ಅಲ್ಲಿ ಬೆಳೆಯುತ್ತಿರುವುದು ಬಾದಾಮಿಯಲ್ಲ, ಬೇರಿನ ಕಾಡುಮಾವು. ಆದ್ದರಿಂದ ಪ್ರತಿ ಸಲ ಗಂಟನ್ನು ಕೈಯಿಂದ ಮುಟ್ಟಿ ನೋಡಿ, ಅದರ ಕೆಳಗೆ ಒಡೆದ ಚಿಗುರನ್ನು ಚಿವುಟಿ ಹಾಕುತ್ತೇನೆ.

ಸಸಿಯನ್ನು ತಿಂದದ್ದು ಯಾವ ಪ್ರಾಣಿ ಎಂಬುದನ್ನು ಕಡ್ಡಿಯ ತುದಿಯೇ ಹೇಳುತ್ತದೆ. ಜಿಂಕೆಗೆ ಮೇಲ್ದವಡೆಯ ಮುಂದಿನ ಹಲ್ಲುಗಳಿಲ್ಲ. ಅದು ಚಿಗುರನ್ನು ಕಚ್ಚಿ ಎಳೆದು ಹರಿಯುವುದರಿಂದ ತುದಿ ಸೀಳಿ, ನಾರು ಎದ್ದು ನಿಂತಿರುತ್ತದೆ. ಮೊಲ ತಿಂದಿದ್ದರೆ ಕುಡುಗೋಲಿನಿಂದ ಕೊಯ್ದಂತೆ ಓರೆಯಾದ ನುಣುಪು ಗಾಯ ನೆಲದ ಹತ್ತಿರವೇ ಕಾಣುತ್ತದೆ. ಹಾವಳಿ ಹೆಚ್ಚುವುದು ಮಳೆಗಾಲದಲ್ಲಲ್ಲ. ಇಲ್ಲಿನ ಎಲೆ ಉದುರುವ ಕುರುಚಲು ಕಾಡು ಫೆಬ್ರುವರಿಯಿಂದ ಮೇ ವರೆಗೆ ಒಣಗಿ ನಿಂತಿರುವಾಗ ನೀರುಂಡ ನಮ್ಮ ಸಸಿ ಮಾತ್ರ ಹಸಿರಾಗಿರುತ್ತದೆ, ಹಸಿದ ಪ್ರಾಣಿ ಅದನ್ನೇ ಹುಡುಕಿಕೊಂಡು ಬರುತ್ತದೆ.

ನಾವು ಹೆಚ್ಚಿನ ಸಸಿಗಳಿಗೆ ಒಂದೊಂದಾಗಿ ಐದು ಅಡಿ ಎತ್ತರದ ವೆಲ್ಡ್ ಮೆಶ್ (ಬೆಸೆದ ತಂತಿ ಜಾಲರಿ) ಹಾಕಿದ್ದೇವೆ. ಹತ್ತು ಅಡಿ ಉದ್ದ ಕತ್ತರಿಸಿ ಸುತ್ತಿದರೆ ಮೂರು ಅಡಿಗೂ ತುಸು ಹೆಚ್ಚು ಅಗಲದ ಬಳೆ ಆಗುತ್ತದೆ. ಇದಕ್ಕಿಂತ ಕಿರಿದಾದರೆ ಜಿಂಕೆ ಮೂತಿ ತೂರಿಸಿ ಎಲೆ ಎಳೆಯುತ್ತದೆ. ಹೊಲದ ಸುತ್ತಲೂ ಬೇಲಿ ಹಾಕುವುದಾದರೆ ಏಳೆಂಟು ಅಡಿ ಎತ್ತರ ಬೇಕಾಗುತ್ತದೆ, ಆದರೆ ಇಷ್ಟು ಇಕ್ಕಟ್ಟಾದ ಬಳೆಯೊಳಗೆ ಜಿಂಕೆ ಹಾರುವುದಿಲ್ಲವಾದ್ದರಿಂದ ಇಲ್ಲಿ ಐದು ಅಡಿ ಸಾಕು. ಬಳೆಯನ್ನು ಮೂರು ಗೂಟಗಳಿಗೆ ಬಿಗಿಯದಿದ್ದರೆ ಜಿಂಕೆ ಅದನ್ನು ಕತ್ತಿನಿಂದ ಒತ್ತಿ ಮಲಗಿಸಿಬಿಡುತ್ತದೆ. ಎರಡು ಅಂಚು ಸೇರುವಲ್ಲಿ ಹೊಲಿಯದೆ, ಬೈಂಡಿಂಗ್ ವೈರನ್ನು ಎರಡು ಕಡೆ ಮಾತ್ರ ತಿರುಚಿದ್ದೇನೆ. ಕಳೆ ಕೀಳಲು ಬಾಗಿಲಿನಂತೆ ತೆರೆಯಬಹುದು.

ಮೆಶ್ ಸಾಲದ ಕಡೆ ಬಳ್ಳಾರಿ ಜಾಲಿಯ ಮುಳ್ಳು ಹೊದಿಸಿದೆವು. ಕುರಿ ರೊಪ್ಪಕ್ಕೆ ಮುಳ್ಳು ಹಾಕುವ ಹಿರಿಯರೊಬ್ಬರು, "ಬುಡ ಒಳಕ್ಕಿರ್ಲಿ, ತುದಿ ಹೊರಕ್ಕಿರ್ಲಿ" ಎಂದು ತೋರಿಸಿಕೊಟ್ಟರು. ಕಾಯಿ ಇರುವ ಕೊಂಬೆಗಳನ್ನು ಮಾತ್ರ ಹೊಲಕ್ಕೆ ತರಬಾರದು, ಬೀಜ ಬಿದ್ದರೆ ಜಾಲಿಯೇ ಹೊಲವನ್ನು ಆಕ್ರಮಿಸುತ್ತದೆ. ಹಳೆಯ ಸೀರೆ ಕಟ್ಟುವುದಕ್ಕೂ ಕೊಳೆತ ಮೊಟ್ಟೆಯ ನೀರು ಸಿಂಪಡಿಸುವುದಕ್ಕೂ ಫಲವಿದೆ, ಆದರೆ ಪ್ರಾಣಿ ಸೀರೆಗೆ ಬೇಗ ಒಗ್ಗಿಕೊಳ್ಳುತ್ತದೆ, ಮೊಟ್ಟೆಯ ವಾಸನೆಯನ್ನು ಮಳೆ ತೊಳೆಯುತ್ತದೆ. ಕಾಡಿನ ಕಡೆಯ ಅಂಚಿಗೆ ನಾನು ಸೀತಾಫಲ ಹಾಕಿದ್ದೇನೆ. ಅದರ ಎಲೆಯನ್ನು ಮೇಕೆಯೂ ಮುಟ್ಟುವುದಿಲ್ಲ.

ಬೇಲಿಗೆ ಮನೆಯ ಕರೆಂಟು ಹರಿಸುವುದನ್ನೂ ಉರುಳು ಹಾಕುವುದನ್ನೂ ಯಾರೂ ಮಾಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಪ್ರಾಣಿಗಳನ್ನು ಕೊಲ್ಲುವುದು ಅಪರಾಧ, ಮೇಲಾಗಿ ರಾತ್ರಿ ನೀರು ಕಟ್ಟಲು ಹೋದ ಮನುಷ್ಯನೇ ಆ ತಂತಿಗೆ ಬಲಿಯಾಗಬಹುದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ವನ್ಯಧಾಮ ಮಾಡಿ ಕಾಪಾಡುತ್ತಿರುವ ಕೊಂಡುಕುರಿ (ನಾಲ್ಕು ಕೊಂಬಿನ ಚಿಕ್ಕ ಹುಲ್ಲೆ) ಜೋಗಿಮಟ್ಟಿಯಲ್ಲೂ ಇದೆ. ಸುಮಾರು ಎರಡು ಅಡಿ ಎತ್ತರದ, ಒಂಟಿಯಾಗಿ ತಿರುಗುವ ಆ ಸಾಧು ಜೀವಿಯಿಂದ ನಮಗಾಗುವ ನಷ್ಟ ಅತ್ಯಲ್ಪ.

ಗಿಡದ ನೆತ್ತಿ ಆರು ಅಡಿ ದಾಟಿದ ಮೇಲೆ ಬಳೆಯನ್ನು ತೆಗೆದು ಹೊಸ ಸಸಿಗೆ ಹಾಕುತ್ತೇವೆ. ಆಗಲೂ ಕಾಂಡವನ್ನು ಬರಿದಾಗಿ ಬಿಡುವುದಿಲ್ಲ. ಗಂಡು ಜಿಂಕೆ ಕೊಂಬು ಉಜ್ಜಿ ತೊಗಟೆಯನ್ನು ಸುತ್ತಲೂ ಸುಲಿದರೆ ಎತ್ತರದ ಗಿಡವೂ ಒಣಗುತ್ತದೆ; ಅದಕ್ಕಾಗಿ ಬುಡದಿಂದ ನಾಲ್ಕು ಅಡಿಯವರೆಗೆ ಮೆಶ್‌ನ ತುಂಡನ್ನು ಸಡಿಲವಾಗಿ ಸುತ್ತಿ, ಕಾಂಡ ದಪ್ಪವಾದಂತೆ ವರ್ಷಕ್ಕೊಮ್ಮೆ ಬಿಚ್ಚಿ ಅಗಲಿಸುತ್ತೇವೆ.