ಮಲೇರಿಯಾ ಮಾತ್ರೆ ಬಗ್ಗೆ ಓದಿದ್ದು ಸರಿನಾ? ಚೆಕ್ ಮಾಡೋದು ಹೀಗೆ

ಕ್ಲೋರೋಕ್ವಿನ್ ಡೋಸ್ ಒಂದು ಕಡೆ 500 ಎಂಜಿ ಅಂತಿದೆ, ಇನ್ನೊಂದು ಕಡೆ 300 ಅಂತಿದೆ, ಯಾವುದೋ ಒಂದು ಪ್ರಿಂಟ್ ಮಿಸ್ಟೇಕ್ ಇರ್ಬೇಕು ಅಂತ ತಾವೇ ತಿದ್ದಿ ಮುಂದಕ್ಕೆ ಕಳಿಸೋರನ್ನ ನೋಡಿ ನೋಡಿ ಸಾಕಾಗಿ ಇದನ್ನ ಬರೀತಿದೀನಿ. ಎರಡೂ ಸರಿನೇ ಇತ್ತು, ತಿದ್ದಿದ್ದೇ ತಪ್ಪು.

1. ಹೆಸರು. ಅಕ್ಷರ ಬಿಡದೆ ಓದಿ. ಕ್ವಿನೈನ್, ಕ್ವಿನಿಡಿನ್, ಕ್ಲೋರೋಕ್ವಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಎಲ್ಲಾ ಬೇರೆ ಬೇರೆ ಔಷಧಿ. ಬ್ರ್ಯಾಂಡ್ ಹೆಸರಲ್ಲಿ ಹುಡುಕೋದು ಬೇಡ.

2. ಎಂಜಿ ಯಾವುದರದ್ದು? ಎಲ್ರೂ ಮುಗ್ಗರಿಸೋದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಮಾತ್ರೆಯಲ್ಲಿ ಇರೋದು ಕ್ಲೋರೋಕ್ವಿನ್ ಫಾಸ್ಫೇಟ್, ಅಂದ್ರೆ ಸಾಲ್ಟ್. ಅದರೊಳಗೆ ಕೆಲಸ ಮಾಡೋ ಭಾಗಕ್ಕೆ ಬೇಸ್ ಅಂತಾರೆ. 250 ಎಂಜಿ ಸಾಲ್ಟ್‌ನಲ್ಲಿ ಬೇಸ್ 150, 500ರಲ್ಲಿ 300. ಹಾಗಾಗಿ ದೊಡ್ಡವರಿಗೆ ಮಲೇರಿಯಾ ಬರದ ಹಾಗೆ ವಾರಕ್ಕೊಮ್ಮೆ ಕೊಡೋ ಡೋಸ್ ಒಬ್ರು 500 ಅಂದ್ರೂ ಒಬ್ರು 300 ಅಂದ್ರೂ ಮಾತ್ರೆ ಅದೇ. ಈಗ 300ನ್ನ ಸಾಲ್ಟ್ ಅಂದ್ಕೊಂಡ್ರೆ ಒಳಗೆ ಹೋಗೋ ಬೇಸ್ ಬರೀ 180, ಔಷಧಿ ಸಾಲಲ್ಲ. 500ನ್ನ ಬೇಸ್ ಅಂದ್ಕೊಂಡ್ರೆ ಸಾಲ್ಟ್ ಲೆಕ್ಕ 830 ದಾಟುತ್ತೆ, ಕ್ಲೋರೋಕ್ವಿನ್ ಓವರ್‌ಡೋಸ್ ನೇರ ಹಾರ್ಟ್‌ಗೆ ಹೊಡೆಯುತ್ತೆ, ಮಕ್ಕಳಿಗಂತೂ ಒಂದೆರಡು ಮಾತ್ರೆ ಹೆಚ್ಚಾದ್ರೂ ಜೀವಕ್ಕೇ ಅಪಾಯ. ಪ್ರೈಮಾಕ್ವಿನ್ ಕಥೆನೂ ಇದೇ, 26.3 ಎಂಜಿ ಫಾಸ್ಫೇಟ್ ಅಂದ್ರೆ 15 ಬೇಸ್. ಮೆಫ್ಲೋಕ್ವಿನ್ ಇನ್ನೂ ತಲೆ ತಿನ್ನುತ್ತೆ: ಅಮೆರಿಕದ 250 ಎಂಜಿ ಮಾತ್ರೆ ಅಂದ್ರೆ ಸಾಲ್ಟ್, ಬೇಸ್ 228, ಬೇರೆ ಎಷ್ಟೋ ದೇಶಗಳಲ್ಲಿ ಅದೇ 250 ಅಂದ್ರೆ ಬೇಸ್. ಸಾಲ್ಟಾ ಬೇಸಾ ಅಂತ ಹೇಳದೆ ಬರೀ ಅಂಕಿ ಕೊಡೋ ಆ್ಯಪ್ ಇದ್ರೆ ಅನ್‌ಇನ್‌ಸ್ಟಾಲ್ ಮಾಡಿ, ಫೋಟೋ ಹೊಡೆದು ಫಾರ್ವರ್ಡ್ ಮಾಡೋ ಚಾರ್ಟ್‌ಗಳನ್ನಂತೂ ನಾನು ತೆರೆಯೋದೇ ಇಲ್ಲ.

3. ಬರೋದು ತಡೆಯೋಕಾ, ಬಂದದ್ದು ವಾಸಿ ಮಾಡೋಕಾ? ವಾಸಿ ಮಾಡೋ ಕ್ಲೋರೋಕ್ವಿನ್ ಡೋಸ್ ಕೆಜಿ ತೂಕಕ್ಕೆ ಒಟ್ಟು 25 ಎಂಜಿ ಬೇಸ್, 3 ದಿನಕ್ಕೆ ಹಂಚಿ. ವಾರಕ್ಕೊಮ್ಮೆಯ ಟೇಬಲ್ ಜೊತೆ ಇದನ್ನ ಕಲಸಬೇಡಿ.

4. ವರ್ಷ ನೋಡಿ. ಫಾಲ್ಸಿಪ್ಯಾರಮ್ (ಮಲೇರಿಯಾದಲ್ಲೇ ಹೆಚ್ಚು ಅಪಾಯದ ಬಗೆ) ಮಲೇರಿಯಾ ಕ್ಲೋರೋಕ್ವಿನ್‌ಗೆ ಬಗ್ಗದೆ ಇರೋಕೆ ಶುರುವಾಗಿದ್ದೇ 1950ರ ದಶಕದ ಕೊನೆಗೆ, ಈಗ ಅದಕ್ಕೆ ಆರ್ಟಿಮಿಸಿನಿನ್ ಸೇರಿದ ಕಾಂಬಿನೇಷನ್ ಕೊಡ್ತಾರೆ, ಆದ್ರೂ ಹಳೇ ಪುಸ್ತಕದ ಸಾಲುಗಳು ಹಾಗೇ ಕಾಪಿ ಆಗ್ತಾ ಇರ್ತವೆ. ಮೆಫ್ಲೋಕ್ವಿನ್‌ನಿಂದ ತಲೆಸುತ್ತು, ಮಾನಸಿಕ ತೊಂದರೆ ಆಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಾಕ್ಸ್ ಹಾಕಿ ಎಚ್ಚರಿಕೆ ಕೊಟ್ಟಿದ್ದು 2013ರಲ್ಲಿ, ಅದಕ್ಕಿಂತ ಹಳೇದಾದ, ಪ್ಯಾಕ್ ಒಳಗಿನ ಚೀಟಿಯಲ್ಲಿ ಆ ಬಾಕ್ಸ್ ಇರಲ್ಲ. ಪ್ರೈಮಾಕ್ವಿನ್ ಬಗ್ಗೆ ಬರೆದು ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡೋ ಒಂದು ಕಿಣ್ವ) ಟೆಸ್ಟ್ ಮಾತೇ ಎತ್ತಿಲ್ಲ ಅಂದ್ರೆ ಅಲ್ಲಿಗೇ ಮುಚ್ಚಿಬಿಡಿ. ಆ ಕಿಣ್ವ ಕಮ್ಮಿ ಇರೋರಿಗೆ ಈ ಮಾತ್ರೆ ಕೆಂಪು ರಕ್ತಕಣ ಒಡೆಯುತ್ತೆ.

5. ಇನ್ನೊಂದು ಕಡೆ ತಾಳೆ ನೋಡಿ. ಹತ್ತು ಕಡೆ ಒಂದೇ ವಾಕ್ಯ ಇದ್ರೆ ಅದು ಹತ್ತು ಸಾಕ್ಷಿ ಅಲ್ಲ, ಒಂದರ ಒಂಬತ್ತು ಜೆರಾಕ್ಸ್. ಪ್ಯಾಕ್ ಒಳಗಿರೋ ಚೀಟಿ, ವಿಶ್ವ ಆರೋಗ್ಯ ಸಂಸ್ಥೆಯ ಮಲೇರಿಯಾ ಗೈಡ್‌ಲೈನ್, ಇವೆರಡು ನನ್ನ ಆಯ್ಕೆ.

ಆಮೇಲೂ ಅಂಕಿ ಹೊಂದಲಿಲ್ಲ ಅಂದ್ರೆ ಎರಡನ್ನೂ ಹಾಗೇ ಬರ್ಕೊಂಡು, ಪಕ್ಕದಲ್ಲಿ ಸಾಲ್ಟಾ ಬೇಸಾ, ಯಾವ ವರ್ಷದ್ದು ಅಂತ ಹಾಕಿ ಡಾಕ್ಟರಿಗೋ ಫಾರ್ಮಸಿಸ್ಟಿಗೋ ತೋರ್ಸಿ. ಎರಡರ ಸರಾಸರಿ ತೆಗೆದು 400 ಅಂತ ಮಾತ್ರ ಮಾಡ್ಬೇಡಿ, ಅದನ್ನ ಮಾಡಿದೋರನ್ನೂ ನೋಡಿದೀನಿ.